ಸಣ್ಣ ಎಂಜಿನ್ ಪಿಕಪ್‌ಗೆ ಭಾರಿ ಟ್ರೇಲರ್ ಕಟ್ಟಬಹುದೇ? ಎಳೆಯುವುದು ಸುಲಭ, ನಿಲ್ಲಿಸುವುದೇ ಕಷ್ಟ!

ಹೈದರಾಬಾದ್: ಪ್ರತಿ ವರ್ಷ ಗಣೇಶ ವಿಸರ್ಜನೆಯ ದಿನ ಇಡೀ ನಗರದ ಕಣ್ಣು ಒಂದು ಟ್ರೇಲರ್ ಮೇಲಿರುತ್ತದೆ. ಖೈರತಾಬಾದ್ ಗಣಪತಿಯನ್ನು ಹುಸೇನ್ ಸಾಗರಕ್ಕೆ ಒಯ್ಯುವ ಉದ್ದನೆಯ ಟ್ರೇಲರ್ ಅದು. 1954ರಲ್ಲಿ ಸಿಂಗರಿ ಶಂಕರಯ್ಯ ಅವರು ಒಂದು ಅಡಿ ಮೂರ್ತಿಯಿಂದ ಆರಂಭಿಸಿದ ಉತ್ಸವ 2024ರಲ್ಲಿ 70 ಅಡಿ ಎತ್ತರದ ಮೂರ್ತಿಯವರೆಗೆ ಬೆಳೆದಿದೆ. ಮಂಟಪದಿಂದ ಕೆರೆಗೆ ಇರುವುದು ಕೆಲವೇ ಕಿಲೋಮೀಟರ್ ದಾರಿ. ಆದರೆ ಅಷ್ಟು ದಾರಿ ಸಾಗಲು ಹಲವು ಗಂಟೆಗಳೇ ಬೇಕು. ಮೂರ್ತಿ ಅಲುಗಾಡದಂತೆ ಕಬ್ಬಿಣದ ಆಸರೆ ಕೊಟ್ಟು, ಮುಂದೆ ಹಿಂದೆ ಪೊಲೀಸರು ನಿಂತು, ನಡಿಗೆಯ ವೇಗದಲ್ಲಿ ಸಾಗಿಸಲಾಗುತ್ತದೆ.

ಅದೇ ದಿನ, ಅದೇ ನಗರದ ಗಲ್ಲಿಗಳಲ್ಲಿ ಸಾವಿರಾರು ಸಣ್ಣ ಮೂರ್ತಿಗಳು ಟಾಟಾ ಏಸ್, ಬೊಲೆರೊ ಪಿಕಪ್, ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಹೊರಡುತ್ತವೆ. ಕೆಲವು ಪಿಕಪ್‌ಗಳ ಹಿಂದೆ ಜನರೇಟರ್ ಗಾಡಿ ಇರುತ್ತದೆ, ಇನ್ನು ಕೆಲವುಗಳ ಹಿಂದೆ ಅಲಂಕೃತ ರಥವೇ ಇರುತ್ತದೆ. ಹಬ್ಬ ಮುಗಿದ ಮೇಲೂ ನಗರದ ರಸ್ತೆಗಳಲ್ಲಿ ಕಾಂಕ್ರೀಟ್ ಮಿಕ್ಸರ್, ಏರ್ ಕಂಪ್ರೆಸರ್, ದೋಣಿ ಹೊತ್ತ ಗಾಡಿಗಳನ್ನು ಪಿಕಪ್‌ಗಳು ಎಳೆದೊಯ್ಯುವುದನ್ನು ಕಾಣಬಹುದು.

ಇಂಥ ಪಿಕಪ್ ಮಾಲೀಕರ ಸಾಮಾನ್ಯ ಪ್ರಶ್ನೆ ಒಂದೇ: "ನನ್ನ ಗಾಡಿಯ ಎಂಜಿನ್ ಚಿಕ್ಕದು, ಇಷ್ಟು ಭಾರ ಎಳೆಯುತ್ತದೆಯೇ?" ಉತ್ತರ ಅಚ್ಚರಿ ತರಬಹುದು. ಎಳೆಯುವ ವಿಷಯದಲ್ಲಿ ಎಂಜಿನ್ ಬಹುತೇಕ ಸೋಲುವುದಿಲ್ಲ. ಸೋಲುವುದು ಬ್ರೇಕ್, ಟೈರ್, ಕೊಕ್ಕೆ ಮತ್ತು ಚಾಲಕನ ಅಂದಾಜು. ಅದು ಹೇಗೆ? ಇಲ್ಲಿದೆ ಸರಳ ವಿವರಣೆ.

ಎರಡು ಟನ್ ಎಳೆಯಲು ಎಷ್ಟು ಶಕ್ತಿ ಬೇಕು?

ಚಕ್ರದ ಮೇಲಿರುವ ಭಾರವನ್ನು ಸಮತಟ್ಟು ರಸ್ತೆಯಲ್ಲಿ ಎಳೆಯುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. ಒಂದು ಜೊತೆ ಎತ್ತು ಟನ್‌ಗಟ್ಟಲೆ ಹೊರೆಯ ಬಂಡಿ ಎಳೆಯುವುದನ್ನು ಊರುಗಳಲ್ಲಿ ನೋಡಿದವರಿಗೆ ಇದು ಗೊತ್ತು.

ಒಂದು ಲೆಕ್ಕ ಹಾಕೋಣ. ಪಿಕಪ್‌ನ ತೂಕ 2 ಟನ್, ಹಿಂದಿನ ಟ್ರೇಲರ್ 2 ಟನ್, ಒಟ್ಟು 4 ಟನ್ ಎಂದಿಟ್ಟುಕೊಳ್ಳಿ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಇದನ್ನು ಉರುಳಿಸಲು ಸುಮಾರು 4ರಿಂದ 5 ಅಶ್ವಶಕ್ತಿ ಸಾಕು. ಅಂದರೆ ಒಂದು ಸ್ಕೂಟರ್ ಎಂಜಿನ್‌ನ ಶಕ್ತಿಗಿಂತ ಕಡಿಮೆ.

ಈಗ ಏರು ದಾರಿಗೆ ಬನ್ನಿ. ಪ್ರತಿ 20 ಮೀಟರ್‌ಗೆ 1 ಮೀಟರ್ ಏರುವ ರಸ್ತೆಯಲ್ಲಿ ಇದೇ 4 ಟನ್ ಅನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಳೆಯಲು ಸುಮಾರು 38 ಅಶ್ವಶಕ್ತಿ ಬೇಕು. ಬೊಲೆರೊ ಪಿಕಪ್‌ನ 2.5 ಲೀಟರ್ ಡೀಸೆಲ್ ಎಂಜಿನ್ ಕೊಡುವುದು 75 ಅಶ್ವಶಕ್ತಿ. ಹಾಗಾಗಿ ಶಕ್ತಿ ಸಾಲುತ್ತದೆ.

ಆದರೆ ಅದೇ ಏರನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹತ್ತಬೇಕೆಂದರೆ ಸುಮಾರು 76 ಅಶ್ವಶಕ್ತಿ ಬೇಕು. ಗಾಳಿಯ ತಡೆಯನ್ನು ಇದಕ್ಕೆ ಇನ್ನೂ ಸೇರಿಸಿಲ್ಲ. ಅಲ್ಲಿಗೆ ಎಂಜಿನ್ ಕೈಚೆಲ್ಲುತ್ತದೆ. ಅಂದರೆ ಸಣ್ಣ ಎಂಜಿನ್ ಭಾರ ಎಳೆಯಲಾರದು ಎನ್ನುವುದು ತಪ್ಪು. ಭಾರವನ್ನು ವೇಗವಾಗಿ ಎಳೆಯಲಾರದು ಎನ್ನುವುದು ಸರಿ.

ಟಾರ್ಕ್ ಮತ್ತು ಗೇರ್‌ನ ಆಟ

ನಿಂತ ಗಾಡಿಯನ್ನು ಕದಲಿಸುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಬೊಲೆರೊ ಪಿಕಪ್‌ನ ಎಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಒಂದನೇ ಗೇರ್ ಮತ್ತು ಹಿಂದಿನ ಆಕ್ಸಲ್ ಎರಡೂ ಸೇರಿ ಅದನ್ನು 16 ಪಟ್ಟು ಹೆಚ್ಚಿಸುತ್ತವೆ ಎಂದಿಟ್ಟುಕೊಂಡರೆ ಚಕ್ರಕ್ಕೆ ಸಿಗುವುದು 3,200 ನ್ಯೂಟನ್ ಮೀಟರ್. ಗೇರ್ ಬಲವನ್ನು ಹೆಚ್ಚಿಸುತ್ತದೆ, ಅದಕ್ಕೆ ಬದಲಾಗಿ ವೇಗವನ್ನು ಕಿತ್ತುಕೊಳ್ಳುತ್ತದೆ.

ಇದಕ್ಕೆ ಅತ್ಯುತ್ತಮ ಉದಾಹರಣೆ ಟ್ರ್ಯಾಕ್ಟರ್. ಹೈದರಾಬಾದ್‌ನಿಂದ ಬೀದರ್ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಜಹೀರಾಬಾದ್‌ನಲ್ಲಿ ಮಹೀಂದ್ರಾದ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಅಲ್ಲಿಂದ ಹೊರಬರುವಂಥ 45-50 ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳೇ ಬೀದರ್, ಕಲಬುರಗಿ, ಬೆಳಗಾವಿ ಜಿಲ್ಲೆಗಳಲ್ಲಿ ಕಬ್ಬು ತುಂಬಿದ ಎರಡೆರಡು ಟ್ರಾಲಿಗಳನ್ನು ಎಳೆಯುತ್ತವೆ. ಇಂದಿನ ಒಂದು ಸಾಧಾರಣ ಕಾರಿಗೆ ಇದಕ್ಕಿಂತ ಹೆಚ್ಚು ಅಶ್ವಶಕ್ತಿ ಇರುತ್ತದೆ. ಟ್ರ್ಯಾಕ್ಟರ್‌ಗೆ ಅನುಕೂಲ ಮಾಡಿಕೊಡುವುದು ಅದರ ಕೆಳ ಗೇರ್‌ಗಳು, ದೊಡ್ಡ ಟೈರ್, ಸ್ವಂತ ತೂಕ ಮತ್ತು ನಿಧಾನ ಗತಿ.

ಎಂಜಿನ್ ಗಾತ್ರ ನೋಡಿ ಶಕ್ತಿ ಅಳೆಯುವ ಕಾಲವೂ ಮುಗಿದಿದೆ. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಮೊದಲು 2.5 ಲೀಟರ್ ಎಂಜಿನ್‌ನೊಂದಿಗೆ ಬಂದಾಗ ಅದರ ಟಾರ್ಕ್ 320 ನ್ಯೂಟನ್ ಮೀಟರ್ ಇತ್ತು. ಬಳಿಕ ಬಂದ 1.9 ಲೀಟರ್‌ನ ಚಿಕ್ಕ ಎಂಜಿನ್ 360 ನ್ಯೂಟನ್ ಮೀಟರ್ ಕೊಡುತ್ತದೆ. ಟರ್ಬೊ ಚಾರ್ಜರ್ ಹೆಚ್ಚು ಗಾಳಿಯನ್ನು ಒಳಗೆ ತಳ್ಳುವುದರಿಂದ, ಇಂಧನ ಹೆಚ್ಚಿನ ಒತ್ತಡದಲ್ಲಿ ಸಿಂಪಡಿಸುವುದರಿಂದ ಇದು ಸಾಧ್ಯವಾಗಿದೆ. ಅಮೆರಿಕದಲ್ಲೂ ಫೋರ್ಡ್ ಎಫ್-150 ಪಿಕಪ್‌ನಲ್ಲಿ ಎಂಟು ಸಿಲಿಂಡರ್‌ನ ದೊಡ್ಡ ಎಂಜಿನ್ ಜೊತೆಗೆ 2.7 ಲೀಟರ್‌ನ ಆರು ಸಿಲಿಂಡರ್ ಟರ್ಬೊ ಎಂಜಿನ್ ಕೂಡ ಟ್ರೇಲರ್ ಎಳೆಯುವ ಕೆಲಸ ಮಾಡುತ್ತಿದೆ.

ಆದರೆ ಚಿಕ್ಕ ಎಂಜಿನ್‌ಗೆ ಒಂದು ಮಿತಿ ಇದೆ. ಭಾರ ಎಳೆಯುವಾಗ ಅದು ತನ್ನ ಪೂರ್ಣ ಸಾಮರ್ಥ್ಯದ ಹತ್ತಿರವೇ ಬಹಳ ಹೊತ್ತು ದುಡಿಯಬೇಕಾಗುತ್ತದೆ. ಆಗ ಶಾಖ ಏರುತ್ತದೆ. ಮೇ ತಿಂಗಳ ಹೈದರಾಬಾದ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ, ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ ರೇಡಿಯೇಟರ್‌ಗೆ ಗಾಳಿ ಸಿಗುವುದಿಲ್ಲ. ಫ್ಲೈಓವರ್ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಂತರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಅಸಲಿ ಪರೀಕ್ಷೆ ಬ್ರೇಕ್‌ಗೆ

ಎಳೆದದ್ದನ್ನು ನಿಲ್ಲಿಸಲೂ ಬೇಕಲ್ಲ? ಸಮಸ್ಯೆ ಶುರುವಾಗುವುದು ಇಲ್ಲಿ. ವೇಗ ಎರಡು ಪಟ್ಟಾದರೆ ಚಲಿಸುವ ವಾಹನದಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತೂಕವೂ ಎರಡು ಪಟ್ಟಾದರೆ ಅದು ಎಂಟು ಪಟ್ಟು. ಅಂದರೆ 2 ಟನ್ ಪಿಕಪ್ ಒಂದನ್ನೇ 40 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕೂ, ಅದಕ್ಕೆ 2 ಟನ್ ಟ್ರೇಲರ್ ಕಟ್ಟಿ 80 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕೂ ಎಂಟು ಪಟ್ಟು ವ್ಯತ್ಯಾಸವಿದೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಷ್ಟೂ ಕೆಲಸ ಪಿಕಪ್‌ನ ನಾಲ್ಕು ಚಕ್ರಗಳ ಮೇಲೆ ಬೀಳುತ್ತದೆ.

ಇಳಿಜಾರಿನಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹೈದರಾಬಾದ್‌ನಿಂದ ಶ್ರೀಶೈಲಕ್ಕೆ ಹೋಗುವವರು ನಲ್ಲಮಲ ಕಾಡು ದಾಟಿ ಕೃಷ್ಣಾ ನದಿಯ ಕಡೆಗೆ ಘಾಟಿ ಇಳಿಯಬೇಕು. ಕರ್ನಾಟಕದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಿವೆ. 4 ಟನ್ ಭಾರ 100 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಹೊರಬೀಳುವ ಶಕ್ತಿ ಸುಮಾರು 12 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಬಿಸಿ ಮಾಡಬಲ್ಲದು. ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಶಾಖದ ದೊಡ್ಡ ಪಾಲು ಬ್ರೇಕ್ ಡ್ರಮ್ ಮತ್ತು ಪ್ಯಾಡ್‌ಗಳಿಗೆ ಸೇರುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ಒತ್ತಿದರೂ ಗಾಡಿ ಓಡುತ್ತಲೇ ಇರುತ್ತದೆ. ಅದಕ್ಕೇ ಏರಿದ ಗೇರ್‌ನಲ್ಲೇ ಇಳಿಯಬೇಕು ಎನ್ನುವುದು ಹಳೆಯ ಚಾಲಕರ ಮಾತು. ಕೆಳ ಗೇರ್‌ನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಚಿಕ್ಕ ಎಂಜಿನ್‌ಗೆ ಹೀಗೆ ಹಿಡಿದಿಡುವ ಶಕ್ತಿಯೂ ಕಡಿಮೆ ಎಂಬುದನ್ನು ಮರೆಯಬಾರದು.

ವಿದೇಶಗಳ ನಿಯಮ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಒಟ್ಟು ತೂಕ 750 ಕೆ.ಜಿ. ದಾಟುವ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ಆಸ್ಟ್ರೇಲಿಯಾದಲ್ಲಿ ಟೊಯೊಟಾ ಹೈಲಕ್ಸ್‌ನ ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್ ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕೆ.ಜಿ. ಎಳೆಯಬಹುದು. ಬ್ರೇಕ್ ಇಲ್ಲದಿದ್ದರೆ ಬರೀ 750 ಕೆ.ಜಿ. ಗಾಡಿ ಅದೇ, ಎಂಜಿನ್ ಅದೇ. ಮಿತಿಯನ್ನು ನಿರ್ಧರಿಸಿದ್ದು ಟ್ರೇಲರ್‌ನ ಬ್ರೇಕ್.

ಹೊರುವ ತೂಕ ಬೇರೆ, ಎಳೆಯುವ ತೂಕ ಬೇರೆ

ಬಹಳ ಮಂದಿ ಎಡವುವುದು ಇಲ್ಲೇ. "ಈ ಪಿಕಪ್ 1.7 ಟನ್ ಹೊರುತ್ತದೆ" ಎಂದರೆ ಅದರ ಹಿಂದೆ 1.7 ಟನ್‌ನ ಟ್ರೇಲರ್ ಕಟ್ಟಬಹುದು ಎಂದಲ್ಲ. ಹೊರುವ ತೂಕ ಚಾಸಿ, ಸ್ಪ್ರಿಂಗ್ ಮತ್ತು ಟೈರ್‌ಗೆ ಸಂಬಂಧಿಸಿದ್ದು. ಎಳೆಯುವ ತೂಕ ಬ್ರೇಕ್, ಕೂಲಿಂಗ್, ಗೇರ್‌ಬಾಕ್ಸ್, ಕೊಕ್ಕೆ ಜೋಡಿಸುವ ಜಾಗ ಇವೆಲ್ಲವನ್ನೂ ನೋಡಿ ಕಂಪನಿ ನಿಗದಿ ಮಾಡುವಂಥದ್ದು. ಓನರ್ಸ್ ಮ್ಯಾನುವಲ್‌ನಲ್ಲಿ ಎಳೆಯುವ ತೂಕದ ಉಲ್ಲೇಖವೇ ಇಲ್ಲದಿದ್ದರೆ ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ವೆಲ್ಡಿಂಗ್ ಅಂಗಡಿಯವರ ಭರವಸೆಯನ್ನು ನೆಚ್ಚಿಕೊಳ್ಳಬಾರದು.

ಇನ್ನೊಂದು ಲೆಕ್ಕವೂ ಇದೆ. ಟ್ರೇಲರ್‌ನ ಮೂತಿ ಕೊಕ್ಕೆಯ ಮೇಲೆ ಒಂದಷ್ಟು ಭಾರ ಹೇರುತ್ತದೆ. ಆ ಭಾರ ಪಿಕಪ್ ಹೊರುವ ತೂಕದಲ್ಲೇ ಸೇರುತ್ತದೆ. ಕೊಕ್ಕೆ ಇರುವುದು ಹಿಂದಿನ ಚಕ್ರಗಳಿಗಿಂತ ಹಿಂದೆ. ಹಾಗಾಗಿ ಅದು ತಕ್ಕಡಿಯಂತೆ ಕೆಲಸ ಮಾಡುತ್ತದೆ. ಎರಡೂ ಚಕ್ರಗಳ ನಡುವಿನ ಅಂತರ 3 ಮೀಟರ್, ಕೊಕ್ಕೆ ಹಿಂದಿನ ಚಕ್ರದಿಂದ 1.2 ಮೀಟರ್ ಹಿಂದೆ ಇದ್ದರೆ, 200 ಕೆ.ಜಿ. ಮೂತಿ ಭಾರ ಹಿಂದಿನ ಚಕ್ರಗಳ ಮೇಲೆ 280 ಕೆ.ಜಿ. ಹೇರುತ್ತದೆ ಮತ್ತು ಮುಂದಿನ ಚಕ್ರಗಳಿಂದ 80 ಕೆ.ಜಿ. ಎತ್ತಿಬಿಡುತ್ತದೆ. ಮುಂದಿನ ಚಕ್ರ ಹಗುರವಾದರೆ ಸ್ಟೀರಿಂಗ್ ತಿರುಗಿಸಿದಂತೆ ಗಾಡಿ ತಿರುಗುವುದಿಲ್ಲ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬಡಿಯುತ್ತದೆ.

ಬಾಲ ಆಡಿಸುವ ಟ್ರೇಲರ್

ಹಾಗೆಂದು ಮೂತಿ ಭಾರವೇ ಬೇಡ ಎಂದು ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ತುಂಬಿದರೆ ಇನ್ನೂ ದೊಡ್ಡ ಅಪಾಯ. ಹಿಂಭಾಗ ಭಾರವಾದ ಟ್ರೇಲರ್ ಪಿಕಪ್‌ನ ಹಿಂಬದಿಯನ್ನು ಮೇಲಕ್ಕೆತ್ತುತ್ತದೆ. ವೇಗ ಹೆಚ್ಚಿದಂತೆ ಅದು ಎಡಕ್ಕೂ ಬಲಕ್ಕೂ ಬಾಲ ಆಡಿಸಲು ಶುರು ಮಾಡುತ್ತದೆ. ಪಕ್ಕದಲ್ಲಿ ದೊಡ್ಡ ಬಸ್ ರಭಸದಿಂದ ಹಾದುಹೋದರೆ ಸಾಕು, ಓಲಾಟ ಹೆಚ್ಚಾಗಿ ಪಿಕಪ್ಪನ್ನೇ ಅಡ್ಡ ತಿರುಗಿಸಬಹುದು. 158 ಕಿ.ಮೀ. ಉದ್ದದ, ಎಂಟು ಪಥಗಳ ಹೈದರಾಬಾದ್ ಹೊರವರ್ತುಲ ರಸ್ತೆಯಂಥ ವೇಗದ ದಾರಿಯಲ್ಲಿ ಈ ಅಪಾಯ ಹೆಚ್ಚು.

ಅಮೆರಿಕದಲ್ಲಿ ರೂಢಿಯಲ್ಲಿರುವ ಸೂತ್ರದ ಪ್ರಕಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಮೂತಿಯ ಮೇಲಿರಬೇಕು. 1,500 ಕೆ.ಜಿ. ಟ್ರೇಲರ್ ಆದರೆ 150ರಿಂದ 225 ಕೆ.ಜಿ. ಯುರೋಪ್‌ನಲ್ಲಿ ಇದಕ್ಕಿಂತ ಕಡಿಮೆ ಪ್ರಮಾಣ ಇಟ್ಟುಕೊಂಡು, ವೇಗವನ್ನೂ ಕಡಿಮೆ ಇಡುತ್ತಾರೆ. ಸರಳವಾಗಿ ಹೇಳುವುದಾದರೆ ಭಾರವಾದ ಸಾಮಾನು ಟ್ರೇಲರ್‌ನ ಚಕ್ರಗಳ ಮೇಲೆ ಮತ್ತು ಸ್ವಲ್ಪ ಮುಂದಕ್ಕೆ, ಆದಷ್ಟು ಕೆಳಗೆ ಇರಬೇಕು. ಹಗ್ಗ ಬಿಗಿಯಾಗಿರಬೇಕು.

ಓಲಾಟ ಶುರುವಾದರೆ ಏನು ಮಾಡಬೇಕು? ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ವೇಗ ಹೆಚ್ಚಿಸಿ ಸರಿಪಡಿಸಲು ಹೋಗಬೇಡಿ. ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಡಿ. ನಂತರ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಾಮಾನನ್ನು ಮುಂದಕ್ಕೆ ಸರಿಸಿ.

ಹೈದರಾಬಾದ್ ಕಲಿತ ಪಾಠಗಳು

ಭಾರ ಸಾಗಿಸುವ ವಿಷಯದಲ್ಲಿ ಈ ನಗರಕ್ಕೆ ಕಹಿ ನೆನಪುಗಳಿವೆ. ಹುಸೇನ್ ಸಾಗರದ ನಡುವೆ ನಿಂತಿರುವ ಏಕಶಿಲಾ ಬುದ್ಧನ ತೂಕ 300 ಟನ್‌ಗೂ ಹೆಚ್ಚು. ಭುವನಗಿರಿ ಸಮೀಪದ ರಾಯಗಿರಿಯಲ್ಲಿ ಕೆತ್ತಿದ ಈ ಮೂರ್ತಿಯನ್ನು ಹಲವಾರು ಚಕ್ರಗಳ ವಾಹನದ ಮೇಲೆ ಹೈದರಾಬಾದ್‌ವರೆಗೆ ತರಲಾಯಿತು. ರಸ್ತೆಯ ಅಷ್ಟೂ ದೂರ ಮೂರ್ತಿ ಕ್ಷೇಮವಾಗಿಯೇ ಬಂತು. 1990ರ ಮಾರ್ಚ್‌ನಲ್ಲಿ ಕೆರೆಯೊಳಗಿನ ಕೊನೆಯ ಹಂತಕ್ಕೆ ತೆಪ್ಪದಂಥ ನೌಕೆಗೆ ಏರಿಸಿದಾಗ ಅದು ಸಮತೋಲನ ತಪ್ಪಿ, ಮೂರ್ತಿ ನೀರಿಗೆ ಜಾರಿತು. ಕೆಲಸದಲ್ಲಿದ್ದ ಹಲವರು ಪ್ರಾಣ ಕಳೆದುಕೊಂಡರು. ಮೂರ್ತಿಯನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ. ಅಂದು ಕೈಕೊಟ್ಟದ್ದು ಎಳೆಯುವ ಶಕ್ತಿಯಲ್ಲ, ಸಮತೋಲನ.

2025ರ ಆಗಸ್ಟ್‌ನಲ್ಲಿ ನಗರದ ರಾಮಂತಾಪುರದಲ್ಲಿ ಕೃಷ್ಣ ಜನ್ಮಾಷ್ಟಮಿ ಮೆರವಣಿಗೆಯ ವೇಳೆ ರಥ ಎಳೆಯುತ್ತಿದ್ದ ವಾಹನ ನಿಂತುಹೋಯಿತು. ಯುವಕರು ರಥವನ್ನು ಕೈಯಿಂದಲೇ ಎಳೆದು ಸಾಗಿಸುವಾಗ ವಿದ್ಯುತ್ ತಂತಿ ತಗುಲಿ ಐವರು ಮೃತಪಟ್ಟರು. ಎಳೆಯುವ ಗಾಡಿ ನಡುದಾರಿಯಲ್ಲಿ ಕೆಟ್ಟರೆ ಮುಂದೇನು ಎಂಬ ಯೋಜನೆ ಮೊದಲೇ ಇರಬೇಕು ಎಂಬುದನ್ನು, ಎತ್ತರದ ಲೆಕ್ಕವೂ ತೂಕದ ಲೆಕ್ಕದಷ್ಟೇ ಮುಖ್ಯ ಎಂಬುದನ್ನು ಈ ದುರಂತ ತೋರಿಸಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಬೆಂಗಳೂರಿನದು. ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆಂದು ತಮಿಳುನಾಡಿನ ವಂದವಾಸಿ ಸಮೀಪದಿಂದ ಬೃಹತ್ ಏಕಶಿಲೆಯನ್ನು 240 ಚಕ್ರಗಳ ಟ್ರೇಲರ್ ಮೇಲೆ ತರಲಾಯಿತು. ದಾರಿಯಲ್ಲಿ ಟೈರ್‌ಗಳು ಸಿಡಿದವು, ತಾತ್ಕಾಲಿಕ ರಸ್ತೆಗಳನ್ನೇ ಮಾಡಬೇಕಾಯಿತು. 2018ರ ಕೊನೆಯಲ್ಲಿ ಹೊರಟ ಶಿಲೆ ಬೆಂಗಳೂರು ತಲುಪಿದ್ದು 2019ರ ಮಧ್ಯಭಾಗದಲ್ಲಿ. ತಿಂಗಳುಗಟ್ಟಲೆ ತಡವಾದರೂ ಯಾರೂ ವೇಗ ಹೆಚ್ಚಿಸುವ ಸಾಹಸಕ್ಕೆ ಹೋಗಲಿಲ್ಲ.

ಕಾನೂನು ಏನು ಹೇಳುತ್ತದೆ?

- ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೂ ನೋಂದಣಿ ಬೇಕು. ಪಿಕಪ್‌ನ ಆರ್‌ಸಿ ತೋರಿಸಿದರೆ ಸಾಲದು.
- ಆರ್‌ಸಿಯಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರಿ ಸಾಗಿಸುವುದು ಅಪರಾಧ. ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂ. ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಹೆಚ್ಚುವರಿ ಸಾಮಾನು ಇಳಿಸುವ ಖರ್ಚೂ ನಿಮ್ಮದೇ.
- ಲಘು ಮೋಟಾರು ವಾಹನ ಪರವಾನಗಿ ಇದ್ದವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಟ್ರೇಲರ್ ಸೇರಿದಾಗ ನಿಮ್ಮ ಪರವಾನಗಿ ಸಾಕೇ ಎಂಬುದನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ.
- ಟ್ರೇಲರ್‌ಗೂ ವಿಮೆ ಇರಲಿ. ಎಳೆಯುವ ವಾಹನಕ್ಕೆ ಮಾತ್ರ ವಿಮೆ ಇದ್ದು ಟ್ರೇಲರ್‌ಗೆ ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರದ ಹೊರೆ ಮಾಲೀಕರ ತಲೆಗೇ ಬರಬಹುದು.

ಹೊರಡುವ ಮುನ್ನ ಈ 8 ಅಂಶ ಗಮನಿಸಿ

1. ತುಂಬಿದ ಟ್ರೇಲರನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ. ಕಣ್ಣಂದಾಜು ಬೇಡ. ಮರಳು, ಜಲ್ಲಿ, ನೀರಿನ ಟ್ಯಾಂಕ್ ನೋಡಲು ಚಿಕ್ಕದಾದರೂ ಭಾರ ಹೆಚ್ಚು. 1,000 ಲೀಟರ್ ನೀರೆಂದರೆ ಒಂದು ಟನ್.
2. ಕೊಕ್ಕೆ, ಪಿನ್, ಲಾಕ್ ಪರೀಕ್ಷಿಸಿ. ಕೊಕ್ಕೆ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಎರಡು ಸುರಕ್ಷಾ ಸರಪಳಿಗಳನ್ನು ಅಡ್ಡಡ್ಡವಾಗಿ ಕಟ್ಟಿ.
3. ಪಿಕಪ್ ಮತ್ತು ಟ್ರೇಲರ್ ಎರಡರ ಟೈರ್‌ಗಳಿಗೂ ಸರಿಯಾದ ಗಾಳಿ ಇರಲಿ. ತಿಂಗಳುಗಟ್ಟಲೆ ನಿಂತ ಟ್ರೇಲರ್‌ನ ಟೈರ್ ಬಿರುಕು ಬಿಟ್ಟಿರಬಹುದು.
4. ಹಿಂದಿನ ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ಉರಿಯುತ್ತಿವೆಯೇ ನೋಡಿ. ಪ್ರತಿಫಲಕ ಪಟ್ಟಿ ಅಂಟಿಸಿ. ಕಬ್ಬಿನ ಹಂಗಾಮಿನಲ್ಲಿ ಕತ್ತಲಲ್ಲಿ ನಿಂತ ಟ್ರಾಲಿಗಳಿಗೆ ಬೈಕ್ ಸವಾರರು ಬಂದು ಗುದ್ದುವ ಅಪಘಾತಗಳು ಉತ್ತರ ಕರ್ನಾಟಕದಲ್ಲಿ ಹೊಸದೇನಲ್ಲ.
5. ಮುಂದಿನ ವಾಹನದಿಂದ ಸಾಮಾನ್ಯಕ್ಕಿಂತ ಕನಿಷ್ಠ ಎರಡು ಪಟ್ಟು ಅಂತರ ಕಾಯ್ದುಕೊಳ್ಳಿ.
6. ತಿರುವಿನಲ್ಲಿ ಟ್ರೇಲರ್‌ನ ಚಕ್ರಗಳು ಪಿಕಪ್‌ಗಿಂತ ಒಳಗೆ ಸಾಗುತ್ತವೆ. ಸ್ವಲ್ಪ ಅಗಲವಾಗಿ ತಿರುಗಿಸದಿದ್ದರೆ ಪಕ್ಕದಲ್ಲಿರುವ ಬೈಕ್ ಸವಾರರಿಗೆ ಅಪಾಯ.
7. ಉಷ್ಣತೆಯ ಮುಳ್ಳು ಏರುತ್ತಿದ್ದರೆ ಎಸಿ ಆಫ್ ಮಾಡಿ, ಕೆಳ ಗೇರ್‌ಗೆ ಬನ್ನಿ. ಇಳಿಯದಿದ್ದರೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.
8. ಹಬ್ಬದ ಮೆರವಣಿಗೆಯಾದರೆ ದಾರಿಯಲ್ಲಿರುವ ತಂತಿಗಳ ಎತ್ತರವನ್ನು ಹಗಲಲ್ಲೇ ನೋಡಿಕೊಳ್ಳಿ. ಕೊಕ್ಕೆಯ ಮೇಲೆ, ಪಿಕಪ್ ಮತ್ತು ಟ್ರೇಲರ್ ನಡುವೆ ಯಾರೂ ನಿಲ್ಲಕೂಡದು. ಮಕ್ಕಳಂತೂ ಬೇಡವೇ ಬೇಡ.

ಹಾಗಾದರೆ ಕಟ್ಟಬಹುದೇ, ಬೇಡವೇ?

ಕಂಪನಿ ಒಪ್ಪಿದ ತೂಕದೊಳಗೆ, ಬ್ರೇಕ್ ಇರುವ ಟ್ರೇಲರ್, ಸರಿಯಾಗಿ ಹಂಚಿದ ಹೊರೆ, ನಿಧಾನ ವೇಗ ಇವಿಷ್ಟು ಇದ್ದರೆ ಸಣ್ಣ ಎಂಜಿನ್‌ನ ಪಿಕಪ್ ಕೂಡ ತನ್ನ ಕೆಲಸ ಮಾಡುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ದೊಡ್ಡ ಎಂಜಿನ್ ನಿಮ್ಮನ್ನು ಕಾಪಾಡುವುದಿಲ್ಲ. ಇಕ್ಕಟ್ಟಾದ ರಸ್ತೆ, ಕಡಿದಾದ ಘಾಟಿ ಅಥವಾ ಮಿತಿ ಮೀರಿದ ಹೊರೆ ಎಂದಾದರೆ ಒಂದು ದಿನದ ಮಟ್ಟಿಗೆ ದೊಡ್ಡ ಲಾರಿ ಬಾಡಿಗೆಗೆ ಪಡೆಯುವುದು ಅಥವಾ ಎರಡು ಟ್ರಿಪ್ ಹೊಡೆಯುವುದೇ ಲೇಸು. ಬಾಡಿಗೆಗೆ ಹೋಗುವ ಹಣಕ್ಕಿಂತ ಕ್ಲಚ್, ಬ್ರೇಕ್ ಮತ್ತು ಆಸ್ಪತ್ರೆಯ ಬಿಲ್ ಯಾವಾಗಲೂ ಜಾಸ್ತಿ.